ನೀರುಗಂಟಿ ಕುಡಿದ ಕಾಫಿ

ಬೇಸಿಗೆಯಲ್ಲಿ ಕಣಬೈಲಿನ ಯಾರ ಮನೆಯಲ್ಲೂ ಸರ್ವಮಂಗಳಾಗೆ ಒಂದು ಲೋಟ ಕಾಫಿ ಕೊಡುವುದಿಲ್ಲ. ಹೀಗೆಂದ ಕೂಡಲೇ ಆ ಊರಿನವರ ಬಗ್ಗೆ ಕೆಟ್ಟದಾಗಿ ಯೋಚಿಸಬೇಡಿ. ಸೀತೂರಿನ ಕಡೆಯಿಂದ ದಾರಿ ತಪ್ಪಿ ಬಂದ ಗ್ಯಾಸ್ ಸಿಲಿಂಡರಿನವನನ್ನೂ ಕೂರಿಸಿ ಮಜ್ಜಿಗೆ ಕುಡಿಸಿ ಕಳಿಸುವ ಜನ ಅವರು. ಸರ್ವಮಂಗಳಾಗೆ ಕೊಡದಿರುವುದು ಮರ್ಯಾದೆಯಿಂದ. ಆ ಮರ್ಯಾದೆಯೇ ಅವಳ ಅರ್ಧ ಆಯಸ್ಸನ್ನು ತಿಂದುಹಾಕಿತು ಅನ್ನುವುದು ಬೇರೆ ಮಾತು. ಅದನ್ನು ಅವಳು ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ಅವಳು ಊರಿನ ನೀರುಗಂಟಿ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯ ನೀರನ್ನು ಸರದಿಯಂತೆ ಒಬ್ಬೊಬ್ಬರ ತೋಟಕ್ಕೆ ತಿರುಗಿಸುವುದು ಅವಳ ಕೆಲಸ. ಕೆರೆಯ ಕೆಳಗೆ ನಲವತ್ತಮೂರು ಮನೆಯವರ ಅಡಿಕೆ ತೋಟಗಳಿವೆ. ಮಳೆಗಾಲದಲ್ಲಿ ನೀರುಗಂಟಿ ಎಂಬುವಳೊಬ್ಬಳು ಇದ್ದಾಳೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ, ಒಳಗೆ ಬಾ ಎಂದು ಕರೆಯುವವರೂ ಇಲ್ಲ. ಸಂಕ್ರಾಂತಿ ಕಳೆದು ತೂಬು ತೆರೆದರೆ ಸಾಕು, ಮೇ ತಿಂಗಳ ಕೊನೆಯವರೆಗೆ ಅಷ್ಟೂ ಮನೆಗಳ ಕಣ್ಣು ಅವಳ ಕೈಯಲ್ಲಿರುವ, ತೂಬು ಎತ್ತುವ ಕಬ್ಬಿಣದ ಸಲಾಕೆಯ ಮೇಲೇ ಇರುತ್ತದೆ. ಅವಳಿಗಿಂತ ಮುಂಚೆ ಆ ಸಲಾಕೆ ಅವಳ ಅಪ್ಪ ದೇವಪ್ಪನ ಕೈಯಲ್ಲಿತ್ತು. ದೇವಪ್ಪನ ಮಂಡಿ ಸೋತಾಗ ಮನೆಯಲ್ಲಿದ್ದವಳು ಇವಳೊಬ್ಬಳೇ. ಇಪ್ಪತ್ತಮೂರನೆಯ ವಯಸ್ಸಿಗೆ ಸಲಾಕೆ ಹಿಡಿದವಳಿಗೆ ಈಗ ಐವತ್ತನಾಲ್ಕು.

ಸಲಾಕೆಯ ಜೊತೆಗೆ ಒಂದು ನಿಯಮವೂ ಬಂತು. ತೂಬು ತೆರೆದ ದಿನದಿಂದ ಮುಚ್ಚುವ ದಿನದವರೆಗೆ ಕೆರೆಯ ಕೆಳಗಿನ ಯಾವ ಮನೆಯಲ್ಲೂ ನೀರುಗಂಟಿಯಾಗಲಿ ಅವನ ಮನೆಯವರಾಗಲಿ ಏನನ್ನೂ ಬಾಯಿಗೆ ಹಾಕಬಾರದು. ನೀರು ಸಹ. ಹಿಂದೆ ಯಾವನೋ ನೀರುಗಂಟಿ ಒಬ್ಬರ ಮನೆಯಲ್ಲಿ ಹೋಳಿಗೆ ಊಟ ಮಾಡಿದನಂತೆ, ಮಾರನೆಯ ದಿನ ಅವರ ಗದ್ದೆಗೆ ನೀರು ಒಂದು ತಾಸು ಹೆಚ್ಚು ಹರಿಯಿತಂತೆ, ಅದಕ್ಕೆ ಗುದ್ದಲಿಯಲ್ಲಿ ಹೊಡೆದಾಡಿ ಇಬ್ಬರು ಆಸ್ಪತ್ರೆ ಸೇರಿದರಂತೆ. ಹೋಳಿಗೆಗೂ ನೀರಿಗೂ ಸಂಬಂಧವಿತ್ತೋ ಇಲ್ಲವೋ ಆ ಶಿವನಿಗೇ ಗೊತ್ತು. ಊರ ಹಿರಿಯರು ಕೂತು ನಿಯಮ ಮಾಡಿದರು, ಅನುಭವಿಸುವುದು ಮಾತ್ರ ದೇವಪ್ಪನ ಮನೆಯ ಪಾಲಿಗೆ ಬಂತು.

ಸಂಕ್ರಾಂತಿಯಿಂದ ಮೇವರೆಗೆ ಅಂದರೆ ಊರಿನಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲ ನಡೆಯುವ ಕಾಲ. ನಲವತ್ತಮೂರು ಮನೆಗಳಲ್ಲಿ ಎಲ್ಲಿ ಊಟವಿದ್ದರೂ ಸರ್ವಮಂಗಳಾ ಹೋಗಿ ಅಕ್ಷತೆ ಹಾಕಿ, ಹೆಣ್ಣಿನ ಗಲ್ಲ ಮುಟ್ಟಿ, ಎಲೆ ಹಾಕುವ ಹೊತ್ತಿಗೆ ಎದ್ದು ಬರುತ್ತಿದ್ದಳು. ಬೇರೆಯವರ ಬಾಗಿಲಿಗೆ ಹೋದರೆ ಕರೆಯೋಲೆ ಕೊಡುವವರು "ಊಟಕ್ಕೆ ಬರಲೇಬೇಕು" ಅನ್ನುತ್ತಾರೆ. ಅವಳ ಬಾಗಿಲಲ್ಲಿ ಮಾತ್ರ "ಅಕ್ಷತೆಗೆ ಬಾ ಮಂಗಳಕ್ಕ" ಎಂದು ಹೇಳಿ ಹೋಗುತ್ತಿದ್ದರು. ಅವಳಿಗೂ ಒಮ್ಮೆ ಸಂಬಂಧ ಕೂಡಿ ಬಂದಿತ್ತು. ಹುಡುಗ ಕೆರೆಯ ಕೆಳಗಿನ ಮನೆಯವನೇ, ಒಳ್ಳೆಯವನು. ಮಾಘ ಮಾಸದಲ್ಲಿ ಅವರು ಬಂದು ಇವಳ ಕೈಯ ಕಾಫಿ ಕುಡಿದು ಒಪ್ಪಿ ಹೋದರು. ಇವರು ಅವರ ಮನೆಗೆ ಹೋಗಿ ಸಿಹಿ ತಿಂದರೆ ತಾನೇ ಮಾತು ಗಟ್ಟಿಯಾಗುವುದು. ದೇವಪ್ಪ, "ತೂಬು ಮುಚ್ಚಿದ ಮೇಲೆ ಬರ್ತೀವಿ" ಅಂದ. ಬೀಗರಾಗುವವರು ನಿಯಮ ಬರೀ ನೆಪ, ಇದು ಹಿಂದೇಟು ಅಂದುಕೊಂಡರು. ತೂಬು ಮುಚ್ಚುವ ಹೊತ್ತಿಗೆ ಹುಡುಗನಿಗೆ ಬಾಳೆಹೊನ್ನೂರಿನ ಕಡೆಯ ಹೆಣ್ಣು ನಿಶ್ಚಯವಾಗಿತ್ತು. ಆ ಮದುವೆಗೂ ಸರ್ವಮಂಗಳಾ ಹೋಗಿ ಅಕ್ಷತೆ ಹಾಕಿ ಬಂದಳು.

ಹಾಗಂತ ಆ ಮೂವತ್ತು ವರ್ಷ ಅವಳ ಜಗಲಿ ಖಾಲಿ ಇತ್ತೆಂದಲ್ಲ. ಬೆಳಗಾದರೆ ಜನ. "ನಮ್ಮ ಸರದಿ ನಾಳೆಗೆ ಯಾಕೆ ಹೋಯ್ತು?" "ಮೇಲಿನ ತೋಟದವ್ರು ಕಾಲುವೆ ಕಂಡಿ ಕಟ್ಟೇ ಇಲ್ಲ, ನೀನು ನೋಡೇ ಇಲ್ಲ." ಯಾರಿಗೆ ನೀರು ಬೇಕು, ಯಾರಿಗೆ ಇನ್ನೆರಡು ದಿನ ತಡೆಯುತ್ತದೆ ಎಂದು ತಿಳಿಯಲು ಅವಳಿಗೆ ಅಪ್ಪ ಕಲಿಸಿದ ಒಂದೇ ಉಪಾಯವಿತ್ತು. ಅಡಿಕೆ ಮರದ ಬುಡದಿಂದ ಎರಡು ಮೊಳ ದೂರ, ಮೊಣಕೈವರೆಗೆ ಗುಂಡಿ ತೋಡಿ ಅಡಿಯ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಬೇಕು. ಉಂಡೆ ನಿಂತರೆ ನೀರು ಬೇಡ, ಉದುರಿದರೆ ಬೇಕು. ಉಂಡೆ ನಿಂತವರೆಲ್ಲ ಜಗಳಕ್ಕೆ ಬರುತ್ತಿದ್ದರು. ಬೈದು, ಗೊಣಗಿ, ಎಲೆ ಅಡಿಕೆ ತಾವೇ ತಂದದ್ದನ್ನು ತಾವೇ ಹಾಕಿಕೊಂಡು, ಅವಳ ನಾಯಿಯನ್ನು ಮಾತಾಡಿಸಿ ಹೋಗುತ್ತಿದ್ದರು. ಬೈಯುವುದಕ್ಕಾದರೂ ಜನ ಮನೆಗೆ ಬರುತ್ತಿದ್ದರಲ್ಲ, ಅದೇ ಅವಳಿಗೆ ಬಳಗವಾಗಿತ್ತು.

ಮೂರು ವರ್ಷದ ಹಿಂದೆ ಕೆರೆಯ ನೀರು ಮಾರ್ಚಿಗೇ ತಳ ಮುಟ್ಟಿತು. ಆ ವರ್ಷ ಮಳೆಗಾಲದಲ್ಲಿ ಕೊಪ್ಪದ ಒಂದು ಸಂಸ್ಥೆಯವರು ಊರಿಗೆ ಬಂದರು. ಅವರ ಪೈಕಿ ಮೇಘನ ಅನ್ನುವ ಹುಡುಗಿ ಸೊಸೈಟಿ ಕಟ್ಟಡದ ಗೋಡೆಗೆ ಬಿಳಿ ಪಂಚೆ ಕಟ್ಟಿಸಿ ಚಿತ್ರ ತೋರಿಸಿದಳು. ಮೇಲಿಂದ ಹೋಗುವ ಉಪಗ್ರಹ ಐದು ದಿನಕ್ಕೊಮ್ಮೆ ಕಣಬೈಲಿನ ಚಿತ್ರ ತೆಗೆಯುತ್ತದೆ. ನೀರು ಕುಡಿದ ಎಲೆ ಬೆಳಕನ್ನು ಒಂದು ಥರ ವಾಪಸ್ ಕಳಿಸುತ್ತದೆ, ಬಾಯಾರಿದ ಎಲೆ ಇನ್ನೊಂದು ಥರ. ಅದು ನಮ್ಮ ಕಣ್ಣಿಗೆ ಕಾಣದ ಬೆಳಕು, ಅದರ ಕಣ್ಣಿಗೆ ಕಾಣುತ್ತದೆ. ಊರಿನ ಅಷ್ಟೂ ತೋಟವನ್ನು ಹತ್ತು ಹತ್ತು ಮೀಟರಿನ ಚೌಕ ಮಾಡಿ, ನೀರು ಸಾಕಷ್ಟಿದ್ದರೆ ಹಸಿರು, ಕಡಿಮೆಯಾಗುತ್ತಿದ್ದರೆ ಹಳದಿ, ಬೇಕೇಬೇಕಿದ್ದರೆ ಕೆಂಪು ಬಣ್ಣ ಹಾಕಿ ನಕ್ಷೆ ಕೊಡುತ್ತಾರೆ. ನೀರು ಕೆಂಪಿಗೆ ಮೊದಲು, ಹಳದಿಗೆ ಆಮೇಲೆ, ಹಸಿರಿಗೆ ಇಲ್ಲ.

ಆಗದ ಕೆಲಸ ಎಂದು ಮೂಗು ಮುರಿದವರೇ ಮುಂದಿನ ಬೇಸಿಗೆಯಲ್ಲಿ ಬಾಯಿ ಮುಚ್ಚಿಕೊಂಡರು. ಕೆರೆಯ ನೀರು ಹಿಂದಿಗಿಂತ ಇಪ್ಪತ್ತು ದಿನ ಹೆಚ್ಚು ಬಂತು. ಸರ್ವಮಂಗಳಾಗೂ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳಿಗೆ ಒಂದು ಫೋನು ಕೊಟ್ಟರು. ನಕ್ಷೆ ನೋಡಿ ಪಟ್ಟಿಯಂತೆ ನೀರು ತಿರುಗಿಸಬೇಕು, ಎಲ್ಲಾದರೂ ನಕ್ಷೆ ತಪ್ಪಿದೆ ಅನ್ನಿಸಿದರೆ ಆ ಜಾಗಕ್ಕೆ ಹೋಗಿ ಮಣ್ಣು ನೋಡಿ, ಫೋಟೋ ತೆಗೆದು ಮೇಘನಾಗೆ ಕಳಿಸಬೇಕು. ಅವಳು ಮೊದಲ ವಾರವೇ ಹತ್ತು ಜಾಗ ತೋಡಿ ನೋಡಿದಳು. ಒಂಬತ್ತು ಕಡೆ ಅವಳ ಮುಷ್ಟಿಯೂ ನಕ್ಷೆಯೂ ಒಂದೇ ಮಾತು ಹೇಳಿದವು. ಆ ದಿನ ಅವಳಿಗೆ ಸಂತೋಷವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು.

ಕಳೆದುಕೊಂಡದ್ದು ಏನೆಂದು ಬೇಗ ತಿಳಿಯಿತು. ಪಟ್ಟಿ ಪ್ರತಿ ಶನಿವಾರ ಎಲ್ಲರ ಫೋನಿಗೂ ಬರುತ್ತಿತ್ತು. ಉಪಗ್ರಹದ ಜೊತೆ ಜಗಳ ಆಡುವುದು ಹೇಗೆ? ಜಗಲಿಗೆ ಬರುವವರು ನಿಂತೇಹೋದರು. ಬೆಳಿಗ್ಗೆ ಎದ್ದು ಜಗಲಿ ಗುಡಿಸಿ ಚಾಪೆ ಹಾಸಿ ಕೂತರೆ ನಾಯಿ ಬಂದು ಮಲಗುತ್ತಿತ್ತು, ಅಷ್ಟೆ.

ಆ ವರ್ಷದ ಸಭೆಯಲ್ಲಿ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಕಾಂತೇಶ್ ಎದ್ದು ನಿಂತ. ಕಾಂತೇಶ್ ಓದಿದವನು, ಹಳೆಯದನ್ನು ಕಂಡರೆ ಕೈ ತುರಿಸುತ್ತದೆ. "ಈಗ ನೀರು ಕೊಡೋದು ನಕ್ಷೆ, ಮಂಗಳಕ್ಕ ಅಲ್ಲ. ಅವ್ರು ಯಾರ ಮನೇಲಿ ಉಂಡ್ರೆ ಎಂತ ಆಗ್ತದೆ? ಆ ಹಳೇ ನಿಯಮ ತೆಗೆದುಬಿಡಣ" ಅಂದ. ಅಧ್ಯಕ್ಷ ಮಲ್ಲೇಶಪ್ಪ ಎಂಬತ್ತರ ಹತ್ತಿರದ ಮನುಷ್ಯ, ಸ್ವಲ್ಪ ಯೋಚಿಸಿ, ಆಗಲಿ ಅಂದರು. ನಡಾವಳಿ ಪುಸ್ತಕದಲ್ಲಿ ಬರೆದರು, ಎಲ್ಲರೂ ಸಹಿ ಹಾಕಿದರು. ಸರ್ವಮಂಗಳಾ ಮನೆಗೆ ಬಂದು ಪೆಟ್ಟಿಗೆಯಿಂದ ಮೂರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಆ ಬೇಸಿಗೆಯಲ್ಲಿ ಊರಿನಲ್ಲಿ ಮೂರು ಮದುವೆ ಇದ್ದವು.

ಮೂರು ಮನೆಯವರೂ ಬಂದು ಕರೆದರು. ಮೂವರೂ "ಅಕ್ಷತೆಗೆ ಬಾ ಮಂಗಳಕ್ಕ" ಅಂದರು.

ಬಾಯಿ ತಪ್ಪಿರಬೇಕು, ಮೂವತ್ತು ವರ್ಷದ ಅಭ್ಯಾಸ ಅಂದುಕೊಂಡು ಮೊದಲನೆಯ ಮದುವೆಗೆ ಹೋದಳು. ಅಕ್ಷತೆ ಆಯಿತು. ಎಲೆ ಹಾಕಿದರು. ಅವಳು ಚಪ್ಪರದ ಕಂಬದ ಪಕ್ಕ ನಿಂತೇ ಇದ್ದಳು. ಬಡಿಸುವವರು ಪಕ್ಕದವರ ಕೈ ಹಿಡಿದು ಎಳೆದೊಯ್ದು ಕೂರಿಸುತ್ತಿದ್ದರು. ಅವಳನ್ನು ಕಂಡ ಮನೆ ಯಜಮಾನ ಓಡಿ ಬಂದು, "ದಾರಿ ಬಿಡ್ರೋ, ಮಂಗಳಕ್ಕಂಗೆ ತೂಬಿಗೆ ಹೊತ್ತಾಯ್ತು" ಎಂದು ತಾನೇ ಮುಂದೆ ನಡೆದು ಜನರನ್ನು ಸರಿಸಿ, ಬಾಗಿಲವರೆಗೆ ಬಂದು ಕೈ ಮುಗಿದು ಕಳಿಸಿಕೊಟ್ಟ. ಅಷ್ಟು ಗೌರವದಿಂದ ಹಸಿದವಳನ್ನು ಯಾರೂ ಮನೆಗೆ ಕಳಿಸಿರಲಾರರು. ಅವಳು ಮನೆಗೆ ಬಂದು ತಂಗಳನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡಳು. ನಿಯಮ ಇದ್ದಾಗ, ನಿಯಮದಿಂದಾಗಿ ಒಬ್ಬಳೇ ಇದ್ದೇನೆ ಅನ್ನುವ ಸಮಾಧಾನವಿತ್ತು. ಈಗ ಅದೂ ಇಲ್ಲ. ಉಳಿದೆರಡು ಸೀರೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿದಳು.

ಈ ವರ್ಷ ಮಾರ್ಚ್ ತಿಂಗಳ ಮೊದಲ ವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನಾಯಿ ಬೊಗಳಿತು. ಜಗಲಿಯ ಮುಂದೆ ಪ್ರೇಮಕ್ಕ ನಿಂತಿದ್ದಳು. ಕೆರೆಯಿಂದ ಕೊನೆಯ ತೋಟ ಪ್ರೇಮಕ್ಕನದು, ಅರ್ಧ ಎಕರೆಗೂ ಕಡಿಮೆ. ಎಪ್ಪತ್ತು ದಾಟಿದ ಹೆಂಗಸು, ಒಬ್ಬಳೇ ಇರುವುದು. ಎರಡು ವರ್ಷದ ಹಿಂದೆ ಹಳೆಯ ಮರಗಳು ಬಿದ್ದ ಜಾಗದಲ್ಲಿ ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದಳು.

"ನಿನ್ನ ನಕ್ಷೆ ನನ್ನ ತೋಟನ ಹಸಿರು ಹಸಿರು ಅಂತದೆ ಮಾರಾಯ್ತಿ. ಮೂರು ವಾರ ಆಯ್ತು ನೀರು ಕೊಟ್ಟು. ಸಸಿ ಸುಳಿ ಬಾಗ್ಯಾವೆ. ಎಂತ ಮಾಡ್ಲಿ ನಾನು?"

ಸರ್ವಮಂಗಳಾಗೆ ಆದ ಸಂತೋಷವನ್ನು ಪ್ರೇಮಕ್ಕನ ಸಸಿಗಳು ಕ್ಷಮಿಸಬೇಕು. ಎಷ್ಟೋ ದಿನದ ಮೇಲೆ ಒಬ್ಬರು ತಕರಾರು ತಂದಿದ್ದರು. "ಕೂತ್ಕೋ ಪ್ರೇಮಕ್ಕ" ಅಂದಳು. ಪ್ರೇಮಕ್ಕ ಕೂತು ಇನ್ನೂ ಸ್ವಲ್ಪ ಬೈದಳು. ನಾಳೆ ಬಂದು ಮಣ್ಣು ನೋಡುತ್ತೇನೆ ಎಂದ ಮೇಲೆ ಎದ್ದು ಹೋದಳು.

ಮಾರನೆಯ ದಿನ ಸರ್ವಮಂಗಳಾ ಪ್ರೇಮಕ್ಕನ ಮನೆಯ ಪಕ್ಕದ ಕಾಲುದಾರಿಯಲ್ಲಿ ತೋಟಕ್ಕೆ ಇಳಿಯುತ್ತಿದ್ದಾಗ ಒಳಗಿನಿಂದ ಕೂಗು ಬಂತು.

"ಬಾ ಒಳಗೆ. ಕಾಫಿ ಸೋಸಿದೀನಿ."

ಸರ್ವಮಂಗಳಾ ನಿಂತಳು. ನಿಂತಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು. ನಿಯಮ ತೆಗೆದಾಗಿದೆ, ಪುಸ್ತಕದಲ್ಲಿ ಬರೆದಿದೆ. ಆದರೆ ಅದು ನಕ್ಷೆ ಹೇಳಿದಂತೆ ನೀರು ಬಿಡುವವಳಿಗೆ. ಇವತ್ತು ತಾನು ಬಂದಿರುವುದು ನಕ್ಷೆ ಸರಿಯೋ ತಪ್ಪೋ ಹೇಳುವುದಕ್ಕೆ. ಇವತ್ತು ಮತ್ತೆ ತಾನು ಅಪ್ಪ ಹಿಡಿದಿದ್ದ ಸಲಾಕೆಯನ್ನೇ ಹಿಡಿದಿದ್ದೇನೆ. ಮಿಕ್ಕ ಮುನ್ನೂರ ಅರವತ್ತನಾಲ್ಕು ದಿನ ಯಾರೂ ಕರೆಯಲಿಲ್ಲ, ಕುಡಿಯಬಾರದ ಒಂದೇ ದಿನ ಕರೆದಿದ್ದಾರೆ.

"ತೋಟ ನೋಡಿ ಬರ್ತೀನಿ ಪ್ರೇಮಕ್ಕ."

"ಆರಿ ತಣ್ಣಗಾಗ್ತದೆ. ತೋಟ ಎಲ್ಲೂ ಓಡೋದಿಲ್ಲ, ಬಾ."

ಅವಳು ಚಪ್ಪಲಿ ಬಿಟ್ಟಳು. ಸಲಾಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಅಡುಗೆಮನೆಯ ಮಣೆಯ ಮೇಲೆ ಕೂತಳು.

ಜೋನಿಬೆಲ್ಲ ಹಾಕಿದ ಕಾಫಿ, ಹಾಲು ಕಡಿಮೆ, ಲೋಟ ಮುಟ್ಟಲಾರದಷ್ಟು ಬಿಸಿ. ಪ್ರೇಮಕ್ಕ ತನ್ನ ಲೋಟ ಹಿಡಿದು ಎದುರಿಗೆ ಕೂತಳು. ನೀರಿನ ಮಾತು ಎತ್ತಲೇ ಇಲ್ಲ. ಬೆಕ್ಕು ನಾಲ್ಕು ಮರಿ ಹಾಕಿ ಮೂರನ್ನು ಅಟ್ಟಕ್ಕೆ ಒಯ್ದದ್ದು, ಒಂದನ್ನು ಮರೆತದ್ದು. ಬಸರೀಕಟ್ಟೆಯ ಕಡೆಯಿಂದ ಬರುತ್ತಿದ್ದ ಕೆಲಸದವರ ಜೀಪು ಈಗ ಬಾರದೆ ಇರುವುದು. ಮಂಡಿಗೆ ಹಚ್ಚುವ ಎಣ್ಣೆಯ ವಾಸನೆ. ಆಮೇಲೆ ಇವಳ ಕೈ ನೋಡಿ ನಕ್ಕಳು.

"ನಿಮ್ಮಮ್ಮನೂ ಹೀಗೇ. ಲೋಟನ ಎರಡು ಕೈಲಿ ಹಿಡೀತಿದ್ಲು, ಬೇಸಗೇಲೂ ಚಳಿ ಆದವರ ಹಂಗೆ. ತೂಬು ಮುಚ್ಚಿದ ದಿನ ಸಂಜೆ ಇಲ್ಲೇ ಕೂತು ಎರಡು ಲೋಟ ಕುಡಿದು ಹೋಗೋಳು."

ಸರ್ವಮಂಗಳಾಗೆ ಆರು ವರ್ಷವಾಗಿದ್ದಾಗ ಅಮ್ಮ ಹೋದದ್ದು. ಅಮ್ಮ ಲೋಟ ಹಿಡಿಯುವ ರೀತಿ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದರೆ ಅವಳು ಯಾರಾದರೂ ಒಬ್ಬರ ಎದುರಿಗೆ ಕೂತು ಲೋಟ ಹಿಡಿಯಬೇಕಿತ್ತಲ್ಲ. ಪ್ರೇಮಕ್ಕ ಕೇಳದೆಯೇ ಇನ್ನೊಂದು ಲೋಟ ಬಗ್ಗಿಸಿದಳು. ಇವಳು ಅದನ್ನೂ ಕುಡಿದಳು.

ಆಮೇಲೆ ತೋಟಕ್ಕೆ ಇಳಿದರು. ನಕ್ಷೆ ಯಾಕೆ ತಪ್ಪಿತೆಂದು ತಿಳಿಯಲು ಗುಂಡಿ ತೋಡುವುದೂ ಬೇಕಿರಲಿಲ್ಲ, ತಲೆ ಎತ್ತಿದರೆ ಸಾಕಿತ್ತು. ಸಸಿಗಳಿಗೆ ನೆರಳಾಗಲಿ ಎಂದು ಬಿಟ್ಟಿದ್ದ ಒಂದು ಹಲಸು, ಎರಡು ಮತ್ತಿ ಮರ, ಮೂರರ ಕೊಂಬೆಗಳೂ ಸೇರಿ ಆ ಚೂರು ತೋಟವನ್ನು ಪೂರ್ತಿ ಮುಚ್ಚಿದ್ದವು. ಆ ಮರಗಳ ಬೇರು ಎಷ್ಟೋ ಆಳದಿಂದ ನೀರು ಎಳೆಯುತ್ತದೆ, ಎಲೆ ಸೊಂಪಾಗಿದೆ. ಮೇಲಿಂದ ನೋಡುವ ಉಪಗ್ರಹಕ್ಕೆ ಕಾಣುವುದು ಮರಗಳ ತಲೆ. ಅಡಿಯಲ್ಲಿ ಸೊಂಟದೆತ್ತರದ ಸಸಿಗಳು ಬಾಯಾರಿ ನಿಂತದ್ದು ಅದಕ್ಕೆ ಕಾಣುವಂತಿರಲಿಲ್ಲ. ಆದರೂ ಸರ್ವಮಂಗಳಾ ಮೂರು ಕಡೆ ಮೊಣಕೈವರೆಗೆ ತೋಡಿದಳು. ಮೂರು ಕಡೆಯ ಮಣ್ಣೂ ಮುಷ್ಟಿ ಬಿಚ್ಚುವ ಮೊದಲೇ ಬೆರಳ ಸಂದಿಯಿಂದ ಉದುರಿತು. ಕಾಫಿ ಕುಡಿದ ಕಾರಣಕ್ಕೆ ನಾಲ್ಕನೆಯದನ್ನೂ ತೋಡಿ ನೋಡಿದಳು. ಫೋಟೋ ತೆಗೆದು ಮೇಘನಾಗೆ ಕಳಿಸಿದಳು.

ಸಂಜೆಯ ಹೊತ್ತಿಗೆ ನಕ್ಷೆಯಲ್ಲಿ ಪ್ರೇಮಕ್ಕನ ಚೌಕಗಳು ಕೆಂಪಾದವು. ಪಟ್ಟಿ ಬದಲಾಯಿತು. ಬುಧವಾರದ ನೀರು ಪ್ರೇಮಕ್ಕನಿಗೆ, ಅಂದು ಇದ್ದ ಕಾಂತೇಶನ ಸರದಿ ಒಂದು ದಿನ ಮುಂದಕ್ಕೆ.

ಕಾಂತೇಶ್ ಕೆಟ್ಟವನಲ್ಲ. ಆದರೆ ಅವನ ಹೆಂಡತಿ ಆ ದಿನ ಹಾಲಿನ ಡೈರಿಯಿಂದ ಬರುವಾಗ, ಮಂಗಳಕ್ಕ ಪ್ರೇಮಕ್ಕನ ಮನೆಯಿಂದ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಹೊರಬಂದದ್ದನ್ನು ಕಂಡಿದ್ದಳು. ಎರಡು ದಿನದಲ್ಲಿ ಆ ಸೆರಗು ನಲವತ್ತಮೂರು ಮನೆ ಸುತ್ತಿ ಬಂತು. ಕಾಂತೇಶ್ ಅವಳ ಜಗಲಿಗೆ ಬಂದು, ಕೂರದೆ, ಕಂಬ ಹಿಡಿದುಕೊಂಡು ನಿಂತ.

"ನಂಗೇನಿಲ್ಲ ಮಂಗಳಕ್ಕ. ಜನ ಆಡ್ಕೊಳ್ತಾರೆ. ನಕ್ಷೆ ಹೇಳಿದ್ದಕ್ಕೆ ನೀರು ಬಿಡೋವಾಗ ಎಲ್ಲಾದ್ರೂ ಉಣ್ಣಿ, ಬೇಡ ಅಂದೋರು ಯಾರು? ನಕ್ಷೆ ತಿದ್ದೋಕೆ ಹೋದ ದಿನ ಆ ಮನೇಲಿ ಕೂತ್ರೆ ಹೆಂಗೆ?"

ಅವನು ಹೇಳಿದ್ದನ್ನೇ ಅವಳೂ ಆ ಬಾಗಿಲಲ್ಲಿ ನಿಂತು ತನಗೆ ತಾನೇ ಹೇಳಿಕೊಂಡಿದ್ದಳು.

ಮಂಗಳವಾರ ಮಧ್ಯಾಹ್ನ ಸೊಸೈಟಿ ಕಟ್ಟಡದಲ್ಲಿ ಸಭೆ. ಮೇಘನ ಬೆಳಿಗ್ಗೆಯೇ ಕೊಪ್ಪದಿಂದ ಬಂದು, ಮಣ್ಣಿನ ತೇವ ಅಳೆಯುವ ಕಡ್ಡಿಯನ್ನು ಪ್ರೇಮಕ್ಕನ ತೋಟದಲ್ಲಿ ಹನ್ನೆರಡು ಕಡೆ ಚುಚ್ಚಿ ನೋಡಿದ್ದಳು. ಎಲ್ಲರ ಎದುರು ಹೇಳಿದಳು, "ನಕ್ಷೆ ತಪ್ಪು. ಮಂಗಳಕ್ಕ ಹೇಳಿದ್ದು ಸರಿ. ದೊಡ್ಡ ಮರದ ಅಡೀಲಿರೋ ಸಸಿ ನಮಗೆ ಮೇಲಿಂದ ಕಾಣಲ್ಲ. ಅಂಥ ಜಾಗ ಎಲ್ಲ ಬೇರೆ ಗುರುತು ಹಾಕ್ತೀವಿ." ನೀರಿನ ವಿಷಯ ಅಲ್ಲಿಗೆ ಮುಗಿಯಿತು. ಬುಧವಾರದ ನೀರು ಪ್ರೇಮಕ್ಕನಿಗೇ ಎಂದು ಕಾಂತೇಶನೇ ಬರೆದುಕೊಂಡ.

ಎದ್ದು ಹೋಗಬಹುದಿತ್ತು. ಆದರೆ ಮಲ್ಲೇಶಪ್ಪನವರಿಗೆ ದೇವಪ್ಪನ ಮೇಲೆ ಬಹಳ ಅಭಿಮಾನ. ಅವನ ಮಗಳ ಹೆಸರಿಗೆ ಅಂಟಿದ್ದನ್ನು ತೊಳೆಯದೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. "ಇನ್ನೊಂದು ಸಾಲು ಬರಿ ಕಾಂತೇಶ. ಮಣ್ಣು ನೋಡೋಕೆ ಹೋದಾಗ ನೀರುಗಂಟಿ ಆ ಮನೇಲಿ ಏನೂ ತಗಂಡಿಲ್ಲ ಅಂತ. ನಾಳೆ ಯಾರೂ ಬಾಯಿ ಬಿಡಬಾರ್ದು. ಏನಮ್ಮ ಪ್ರೇಮ, ಹೌದಲ್ವಾ?"

ಪ್ರೇಮಕ್ಕ ಎದ್ದು ನಿಂತಳು. ಅವಳು ಒಂದು ಕ್ಷಣವೂ ತಡೆಯಲಿಲ್ಲ.

"ನಮ್ಮನೇಲಿ ಅವಳು ಒಂದು ತೊಟ್ಟು ಕುಡಿದಿಲ್ಲ. ಹೊಸ್ತಿಲೇ ದಾಟಿಲ್ಲ. ದೇವಪ್ಪನ ಮಗಳು ಅವಳು. ಯಾರ ಮನೇಲಾದ್ರೂ ಕುಡಿದಿದ್ದು ಉಂಟಾ?"

ಸಭೆಗೆ ಸಭೆಯೇ ಉಸಿರು ಬಿಟ್ಟಿತು. ಎಲ್ಲರಿಗೂ ಅದೇ ಬೇಕಿತ್ತು. ಕಾಂತೇಶನಿಗೂ ಬೇಕಿತ್ತು, ಅವನು ಪೆನ್ನಿನ ಮುಚ್ಚಳ ತೆಗೆದ. ಪ್ರೇಮಕ್ಕ ಕೂರುತ್ತ ಸರ್ವಮಂಗಳಾಳ ಕಡೆ ನೋಡಿ ಕಣ್ಣಲ್ಲೇ ಸುಮ್ಮನಿರು ಅಂದಳು. ಅವಳು ಸುಳ್ಳು ಹೇಳಿದ್ದು ಪ್ರೀತಿಯಿಂದ, ಇವಳಿಗೆ ಅದು ಗೊತ್ತು. ಈಗ ಇವಳು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡು ಕೂರುವುದು ಅಷ್ಟೆ. ಅಪ್ಪನ ಹೆಸರು ಉಳಿಯುತ್ತದೆ. ಮಣ್ಣು ನೋಡಿ ಹೇಳುವ ಕೆಲಸ ಉಳಿಯುತ್ತದೆ. ಯಾರಾದರೂ ತಕರಾರು ತಂದರೆ ಜಗಲಿಗೆ ಬಂದೇ ಬರುತ್ತಾರೆ.

ಮತ್ತೆ ಆ ಕಾಫಿ? ಆ ಮಣೆ, ಬೆಕ್ಕಿನ ಮರಿಯ ಮಾತು, ಅಮ್ಮ ಲೋಟ ಹಿಡಿದಂತೆ ತಾನೂ ಹಿಡಿದದ್ದು? ಅದು ಯಾವುದೂ ಆಗಿಯೇ ಇಲ್ಲ ಎಂದು ಪುಸ್ತಕದಲ್ಲಿ ಬರೆದು, ಕೆಳಗೆ ತಾನೇ ಸಹಿ ಹಾಕಬೇಕು. ಮೂವತ್ತೊಂದು ಬೇಸಿಗೆಯಲ್ಲಿ ಒಮ್ಮೆ, ಒಬ್ಬರು ಒಳಗೆ ಬಾ ಅಂದದ್ದು, ಅದೂ ಇಲ್ಲವಾಗುತ್ತದೆ.

"ಕುಡಿದೆ" ಅಂದಳು ಸರ್ವಮಂಗಳಾ.

ಕಾಂತೇಶನ ಪೆನ್ನು ನಿಂತಿತು. ಮಲ್ಲೇಶಪ್ಪ ಕಿವಿಗೆ ಕೈ ಕೊಟ್ಟು ಕೇಳಿ, ಮೆಲ್ಲಗೆ ಅಂದರು, "ಯೋಚನೆ ಮಾಡಿ ಹೇಳು ತಾಯಿ. ಬೇರೆ ಯಾವತ್ತೋ ಕುಡಿದಿದ್ದನ್ನ ಮರ್ತಿರಬಹುದು."

"ಮರೆಯೋವಷ್ಟು ಸಲ ನಾನು ಕುಡಿದಿಲ್ಲ ದೊಡ್ಡಪ್ಪ. ಆವತ್ತೇ ಕುಡಿದಿದ್ದು. ಮಣ್ಣು ನೋಡೋಕ್ಕಿಂತ ಮುಂಚೆ. ಜೋನಿಬೆಲ್ಲದ್ದು, ಎರಡು ಲೋಟ."

ಮೇಘನ, ಇದರಲ್ಲಿ ಅಂಥದ್ದೇನಿದೆ ಅನ್ನುವಂತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಪಾಪ, ಅವಳು ಕೊಪ್ಪದವಳು. ಮಲ್ಲೇಶಪ್ಪ ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡರು. ಕೊನೆಗೆ ಹಿರಿಯರಾಗಿ ಅವರು ಹೇಳಬೇಕಾದ್ದನ್ನು ಹೇಳಿದರು. ಇನ್ನು ಮೇಲೆ ಮಣ್ಣಿನ ಪರೀಕ್ಷೆ ಕೊಪ್ಪದವರೇ ಬಂದು ಮಾಡಲಿ. ಮಂಗಳ ತೂಬು ನೋಡಿಕೊಳ್ಳಲಿ. ಹಳೆಯ ನಿಯಮ ಮೊದಲಿದ್ದ ಹಾಗೇ ಇರಲಿ. ಸರ್ವಮಂಗಳಾ ಎಲ್ಲದಕ್ಕೂ ತಲೆ ಆಡಿಸಿದಳು.

ಹೊರಗೆ ಬಂದಾಗ ಪ್ರೇಮಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ನಿನ್ನ ಸಲುವಾಗಿ ನಾನು ಸುಳ್ಳು ಹೇಳಿದೆ. ಊರ ಮುಂದೆ ನನ್ನ ಸುಳ್ಳಿ ಮಾಡಿದೆಯಲ್ಲೇ."

"ಕುಡಿದಿದ್ದೆ ಪ್ರೇಮಕ್ಕ."

"ಕುಡಿದಿದ್ದೆ ಅಂತ ನಂಗೆ ಗೊತ್ತಿಲ್ವಾ? ನಾನೇ ಕೊಟ್ಟಿದ್ದು" ಎಂದು ಪ್ರೇಮಕ್ಕ ಹಿಂತಿರುಗಿ ನೋಡದೆ ನಡೆದಳು.

ಬುಧವಾರ ಬೆಳಿಗ್ಗೆ ಸರ್ವಮಂಗಳಾ ಕೊನೆಯ ಕಂಡಿ ತೆರೆದು ಪ್ರೇಮಕ್ಕನ ತೋಟಕ್ಕೆ ನೀರು ತಿರುಗಿಸಿದಳು. ನೀರು ಒಣಗಿದೆಲೆಯ ದರಕನ್ನು ತಳ್ಳಿಕೊಂಡು ಸಸಿಗಳ ಬುಡಕ್ಕೆ ಹೋಗುವುದನ್ನು ನೋಡುತ್ತ ಹಲಸಿನ ಮರದಡಿ ನಿಂತಳು. ಮೇಲಿನ ಮನೆಯ ಹಿತ್ತಿಲಲ್ಲಿ ಪ್ರೇಮಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕಾಫಿಯ ವಾಸನೆಯೂ ಬಂತು. ಕೂಗು ಬರಲಿಲ್ಲ. ತೂಬು ಮುಚ್ಚಲು ಇನ್ನೂ ಎರಡೂವರೆ ತಿಂಗಳಿತ್ತು, ಆ ದಿನ ಪ್ರೇಮಕ್ಕ ಕರೆಯುತ್ತಾಳೋ ಇಲ್ಲವೋ ಹೇಳುವವರಿಲ್ಲ. ನಾಲ್ಕು ತಾಸು ಕಳೆದ ಮೇಲೆ ಕಂಡಿ ಕಟ್ಟಿ, ಸಲಾಕೆ ಹೆಗಲಿಗಿಟ್ಟು ಮನೆಗೆ ಹೊರಟಳು.

ದಾರಿಯಲ್ಲಿ ಸೊಸೈಟಿಯ ಬಾಗಿಲು ತೆರೆದಿತ್ತು. ಕಾಂತೇಶ್ ಒಬ್ಬನೇ ಕೂತಿದ್ದ. ನಡಾವಳಿ ಪುಸ್ತಕ ಒಮ್ಮೆ ಕೊಡು ಅಂದಳು. ಏನಾದರೂ ಹೊಡೆದು ಹಾಕಲು ಬಂದಳೇನೋ ಎಂದು ಅವನು ಅನುಮಾನದಿಂದಲೇ ಕೊಟ್ಟ. ಅವಳು ಪುಟ ಹುಡುಕಿ, ಬೆರಳಿಟ್ಟು ಓದಿ, ತನಗೆ ಕೊಟ್ಟಿದ್ದ ಫೋನಿನಲ್ಲಿ ಆ ಪುಟದ ಫೋಟೋ ತೆಗೆದುಕೊಂಡಳು.

"ಎಂತಕ್ಕೆ ಮಂಗಳಕ್ಕ?"

"ಇರ್ಲಿ" ಅಂದಳು.

ಆ ಫೋನಿನಲ್ಲಿ ನಕ್ಷೆ ಈಗಲೂ ಐದು ದಿನಕ್ಕೊಮ್ಮೆ ಬರುತ್ತದೆ. ಕೆಂಪು ಹಳದಿಯಾಗುತ್ತದೆ, ಹಳದಿ ಹಸಿರಾಗುತ್ತದೆ, ಹಳೆಯದು ಅಳಿಸಿ ಹೊಸದು ಕೂರುತ್ತದೆ. ಅವಳು ಪಟ್ಟಿ ನೋಡಿದ ಮೇಲೆ ಕೆಲವೊಮ್ಮೆ ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಾಳೆ. ಕಾಂತೇಶನ ದುಂಡನೆಯ ಅಕ್ಷರ. 'ನೀರುಗಂಟಿ ಸರ್ವಮಂಗಳಾ ಇವರು ಪ್ರೇಮಕ್ಕನವರ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದಿರುವುದಾಗಿ ಒಪ್ಪಿಕೊಂಡಿರುತ್ತಾರೆ.' ಅದು ತಪ್ಪೊಪ್ಪಿಗೆಯ ಸಾಲು ಎಂದು ಅವಳಿಗೆ ಗೊತ್ತು. ಆದರೆ ಊರಿನ ಆ ದಪ್ಪ ಪುಸ್ತಕದಲ್ಲಿ ಅವಳ ಹೆಸರು ಒಬ್ಬರ ಮನೆಯ ಜೊತೆ ಸೇರಿ ಬಂದಿರುವುದು ಅದೊಂದೇ ಸಾಲಿನಲ್ಲಿ.